ಬಿರುಕಿನ ಮೇಲಿನ ಗಾಜು

ಆಗಸ್ಟ್ ೯

ಅಪ್ಪನಿಗೆ,

ಕ್ಷೇಮವಾಗಿ ಬಂದು ಸೇರಿದೆ. ಏಣಿ ಹತ್ತಿ ಇಳಿದ ಕಾಲುಗಳು ಇನ್ನೂ ನನ್ನ ಮಾತು ಕೇಳುತ್ತಿಲ್ಲ. ಹೊರಡುವ ಗಡಿಬಿಡಿಯಲ್ಲಿ ಅತ್ತೆಯ ಎದುರಿಗೆ ಎಲ್ಲವನ್ನೂ ಹೇಳಲಾಗಲಿಲ್ಲ. ನಿನ್ನಕ್ಕನಿಗೆ ಹೇಳಿದರೆ ಊರಿಗೇ ಹೇಳಿದಂತೆ, ಅದಕ್ಕೇ ಈ ಪತ್ರ.

ಹಳೆಯ ಸಭಾಭವನದ ಪಡುವಣ ಗೋಡೆಯ ಬಿರುಕು ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಕೆಳಗಿನ ವಾಚನಾಲಯದಲ್ಲಿ ನೀನು ದಿನಾ ಸಂಜೆ ಪೇಪರ್ ಓದುವ ಬೆಂಚಿನ ನೇರ ಮೇಲೆ, ಕಿಟಕಿಯ ಕಮಾನಿನಿಂದ ಸೂರಿನವರೆಗೆ ಓರೆಯಾಗಿ ಹೋಗಿದೆಯಲ್ಲ, ಅದು. ಬಿರುಕಿನಲ್ಲಿ ಎರಡು ಜಾತಿ ಎಂದು ನಾನು ಪಾಠ ಮಾಡುತ್ತೇನೆ: ಸತ್ತದ್ದು, ಜೀವವಿರುವುದು. ಕಟ್ಟಡ ಎಂದೋ ಒಮ್ಮೆ ಕುಸಿದು ಕೂತಾಗ ಬಿಟ್ಟ ಬಿರುಕು ಅಲ್ಲಿಗೇ ನಿಂತಿದ್ದರೆ ಅದು ಸತ್ತದ್ದು. ಸುಣ್ಣದ ಗಾರೆ ತುಂಬಿ ಮರೆತುಬಿಡಬಹುದು. ಇನ್ನೂ ಅಗಲವಾಗುತ್ತಿದ್ದರೆ ಅದಕ್ಕೆ ಜೀವವಿದೆ, ಗೋಡೆ ಅಲುಗುತ್ತಿದೆ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಅದಕ್ಕಾಗಿಯೇ ನೀನು ಕತ್ತರಿಸಿಕೊಟ್ಟ ಗಾಜಿನ ಪಟ್ಟಿಯನ್ನು ಬಿರುಕಿಗೆ ಅಡ್ಡವಾಗಿಟ್ಟು, ಎರಡೂ ತುದಿಗಳನ್ನು ಪ್ಲಾಸ್ಟರ್ ಹಚ್ಚಿ ಗೋಡೆಗೆ ಕೂರಿಸಿದ್ದು. ಗಾಜು ಹಿಗ್ಗುವುದಿಲ್ಲ. ಗೋಡೆ ಕೂದಲೆಳೆಯಷ್ಟು ಸರಿದರೂ ಒಡೆಯುತ್ತದೆ. ಫೆಬ್ರವರಿವರೆಗೆ ಒಡೆಯದೆ ಉಳಿದರೆ ಬಿರುಕು ಸತ್ತದ್ದು, ಸಭಾಭವನವನ್ನು ಕೆಡವುವ ಮಾತು ಬಿಡಿ ಎಂದು ನಾನು ಪುರಸಭೆಗೆ ವರದಿ ಕೊಡುತ್ತೇನೆ. ಆ ವರದಿ ಹಿಡಿದುಕೊಂಡೇ ಕಾಯಂ ಹುದ್ದೆಯ ಸಂದರ್ಶನಕ್ಕೆ ಹೋಗುವುದು. ಪ್ರತಿ ವರ್ಷ ರಜೆ ಬಂದೊಡನೆ ಕೆಲಸ ಕಳೆದುಕೊಂಡು, ಕಾಲೇಜು ತೆರೆದೊಡನೆ ಮತ್ತೆ ಅರ್ಜಿ ಹಾಕುವ ಈ ಅತಿಥಿ ಉಪನ್ಯಾಸಕಿಯ ಬಾಳು ನನಗೆ ಸಾಕಾಗಿದೆ ಅಪ್ಪಾ. ಅತಿಥಿಯಂತೆ! ಅತಿಥಿಗೆ ಕೂರಲು ಒಂದು ಒಳ್ಳೆಯ ಕುರ್ಚಿಯನ್ನಾದರೂ ಕೊಡುತ್ತಾರೆ.

ನಿನ್ನ ಕೆಲಸ ಇಷ್ಟೇ. ಪೇಪರ್ ಓದಲು ಹೋದಾಗ ತಲೆಯೆತ್ತಿ ಗಾಜು ನೋಡುವುದು, ನನಗೆ ಬರೆಯುವುದು. ಫೋನ್ ಬೇಡ. ಫೋನಿನಲ್ಲಿ ನಿನಗೆ ಕಿವಿ ಕೇಳಿಸದು, ಅತ್ತೆಯೇ ಎತ್ತುತ್ತಾಳೆ. ಇಲ್ಲಿ ನನ್ನ ಕೋಣೆಯಲ್ಲಿ ಎರಡು ಮೇಜುಗಳಿವೆ. ಪಕ್ಕದ ಮೇಜಿನವರೂ ನನ್ನ ಹಾಗೆ ಅತಿಥಿಯೇ, ಅದೇ ಹುದ್ದೆಗೆ ಅರ್ಜಿ ಹಾಕಿದವರು. ಮಾತು ಕಡಿಮೆ. ಮಾತು ಕಡಿಮೆ ಇರುವವರಿಗೆ ಕಿವಿ ದೊಡ್ಡದು. ನಾನು ಫೋನ್ ಎತ್ತಿದೊಡನೆ ಅವರ ಪೆನ್ನು ನಿಲ್ಲುತ್ತದೆ.

ಇನ್ನೊಂದು ಮಾತು. ಕಡತದಲ್ಲಿ ನಿನ್ನನ್ನು ‘ಸ್ಥಳೀಯ ವೀಕ್ಷಕರು’ ಎಂದಷ್ಟೇ ಬರೆದಿದ್ದೇನೆ. ಅಪ್ಪ ಎಂದು ತಿಳಿದರೆ ಆಡಿಕೊಳ್ಳುತ್ತಾರೆ. ನೀನೂ ಯಾರಿಗೂ ಹೇಳಬೇಡ.

ನಿನ್ನ ಮಗಳು


ಆಗಸ್ಟ್ ೨೭

ಮಗಳಿಗೆ ಅಪ್ಪನ ಆಶೀರ್ವಾದಗಳು.

ಗಾಜು ನೆಟ್ಟಗಿದೆ. ಪ್ಲಾಸ್ಟರ್ ಒಣಗಿ ಬೆಳ್ಳಗಾಗಿದೆ. ನೀನು ಬಿಳಿ ಬಣ್ಣದಲ್ಲಿ ಬರೆದ ತಾರೀಖು ಬೆಂಚಿನಿಂದಲೇ ಓದಲು ಬರುತ್ತದೆ, ಕನ್ನಡಕ ಹಾಕಿಕೊಂಡರೆ. ಒಂದು ಜೇಡ ಅದರ ಕೆಳತುದಿಗೆ ಮನೆ ಹೂಡಿತ್ತು. ವಾಚನಾಲಯದ ಮೇಡಂಗೆ ಹೇಳಿ ಏಣಿ ಇಡಿಸಿ ನಾನೇ ಒರೆಸಿದೆ. ಹಿಂದಿನ ಬೀದಿಯಲ್ಲಿ ಹೊಸ ಚರಂಡಿಗೆ ಅಗೆಯುತ್ತಿದ್ದಾರೆ, ಧೂಳೋ ಧೂಳು. ವಾರಕ್ಕೊಮ್ಮೆ ಒರೆಸುತ್ತೇನೆ. ಮಗಳ ಗಾಜು ಮಂಕಾಗಿರುವುದನ್ನು ನೋಡಿಕೊಂಡು ಪೇಪರ್ ಓದಲು ನನ್ನಿಂದ ಆಗುವುದಿಲ್ಲ.

ನೀನು ಅಷ್ಟು ಗಾಬರಿಯಾಗಬೇಡ. ಆ ಗೋಡೆ ಸರಿಯುವ ಪೈಕಿಯಲ್ಲ. ನಮ್ಮಪ್ಪನ ಕೈ ಹಿಡಿದುಕೊಂಡು ಅದರ ಕೆಳಗೆ ಭಾಷಣ ಕೇಳಿದವನು ನಾನು. ಮತ್ತೆ ಗಾಜಿನ ವಿಷಯ ನನಗೆ ಹೇಳಬೇಡ. ಫೋಟೋಗಳಿಗೆ ಕಟ್ಟು ಹಾಕುತ್ತಲೇ ಕೂದಲು ಬೆಳ್ಳಗಾದವನಿಗೆ ಒಂದು ಸಂಗತಿ ಗೊತ್ತು. ಗಾಜು ತಾನಾಗಿ ಒಡೆಯುವುದಿಲ್ಲ. ಅಂಗಡಿಯಲ್ಲಿ ಕೆಲಸಕ್ಕಿದ್ದವರೆಲ್ಲ ‘ತಾನಾಗೇ ಒಡೀತು’ ಎಂದವರೇ. ಕೂರಿಸಿಕೊಂಡು ವಿಚಾರಿಸಿದರೆ ಅದರ ಹಿಂದೆ ಒಂದು ಕೈ ಇದ್ದೇ ಇರುತ್ತಿತ್ತು.

ಆ ಪಕ್ಕದ ಮೇಜು ಹೇಗಿದೆ? ನೋಡುವುದಕ್ಕೆ ಹೇಗಿದ್ದಾರೆ ಬರೆ. ಎದುರಿಗೆ ಬಂದರೆ ಗುರುತು ಸಿಗಬೇಕಲ್ಲ.

ಅತ್ತೆ ಕ್ಷೇಮ. ಅಂದರೆ ನಾನು ಕ್ಷೇಮವಲ್ಲ.

ನಿನ್ನ ಅಪ್ಪ


ಸೆಪ್ಟೆಂಬರ್ ೧೮

ಅಪ್ಪನಿಗೆ,

ನಿನ್ನ ಪತ್ರ ಬಂದ ದಿನ ನಗುತ್ತಲೇ ಮಲಗಿದೆ. ಮರುದಿನ ಎದ್ದು ಕಾಲೇಜಿಗೆ ಹೋದರೆ ನನ್ನ ಮೇಜಿನ ಖಾನೆ ಅರ್ಧ ತೆರೆದಿತ್ತು. ನಾನು ಮುಚ್ಚಿಯೇ ಹೋಗಿದ್ದೆ. ಒಳಗೆ ಏನೂ ಹೋಗಿಲ್ಲ, ಆದರೆ ಗೋಡೆಯ ನಕ್ಷೆಗಳು ಮೇಲುಕೆಳಗಾಗಿದ್ದವು. ಪಕ್ಕದ ಮೇಜಿನವರನ್ನು ಕೇಳಿದರೆ ಸ್ಟೇಪ್ಲರ್ ಹುಡುಕಿದೆ ಎಂದರು. ಸ್ಟೇಪ್ಲರ್ ನನ್ನ ಮೇಜಿನ ಮೇಲೆಯೇ ಇತ್ತು.

ಕಳೆದ ವಾರ ವಿಭಾಗದ ಸಭೆಯಲ್ಲಿ ನಾನು ಮೊದಲ ಭಾಗ ಓದಿದೆ. ಎಲ್ಲರೂ ತಲೆಯಾಡಿಸಿದರು. ಮುಖ್ಯಸ್ಥರು ಮೆಚ್ಚಿಕೊಂಡರು. ಆಗ ಇವರು ಎದ್ದುನಿಂತು ಮೆಲ್ಲಗೆ, ತಮಾಷೆಗೆ ಕೇಳಿದವರ ಹಾಗೆ, ಒಂದೇ ಪ್ರಶ್ನೆ ಕೇಳಿದರು: “ಗಾಜನ್ನ ನೋಡ್ತಾ ಇರೋರು ಯಾರು ಮೇಡಂ?” ಸ್ಥಳೀಯ ವೀಕ್ಷಕರು ಎಂದೆ. ಸರಿ ಎಂದು ಕೂತರು. ಆ ಸರಿಯ ದನಿ ನನಗೆ ಸರಿಬರಲಿಲ್ಲ. ಸಭೆ ಮುಗಿದ ಮೇಲೆ ಕೇಳದಿದ್ದರೂ ನನಗೊಂದು ಚಹಾ ತಂದಿಟ್ಟರು. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವುದು ಎಂದರೆ ಇದೇ ಅಲ್ಲವೇ? ಚಹಾ ಕುಡಿಯಲಿಲ್ಲ.

ಈಗ ಕೇಳು. ಮುಂದಿನ ವಾರ ಅವರು ನಮ್ಮ ಊರಿಗೆ ಬರುತ್ತಿದ್ದಾರೆ. ಹಳೆಯ ಕಟ್ಟಡಗಳ ತಳಪಾಯ ನೋಡುವ ಕೆಲಸವಂತೆ. ಸಭಾಭವನದ ಬಿರುಕಿಗೆ ಜೀವವಿದೆ ಎನ್ನುವುದು ಅವರ ಅಭಿಪ್ರಾಯ ಎಂದು ಬೇರೆಯವರಿಂದ ನನ್ನ ಕಿವಿಗೆ ಬಿದ್ದಿದೆ. ಅದು ನಿಜವಾದರೆ ನನ್ನ ವರದಿ ಸುಳ್ಳು, ಹುದ್ದೆ ಅವರದು. ಒಂದು ಗಾಜು ಒಡೆದರೆ ಸಾಕು ಅಪ್ಪಾ. ಒಂದು ಬೆರಳು ಸಾಕು.

ಎತ್ತರದ ಆಳು, ಸ್ವಲ್ಪ ಬಾಗಿ ನಡೆಯುತ್ತಾರೆ, ಹೆಗಲಿಗೆ ಖಾಕಿ ಚೀಲ, ಹಣೆ ದೊಡ್ಡದು. ಮಾತಿನಲ್ಲಿ ಬಹಳ ಮರ್ಯಾದೆ. ಬೆಳ್ಳಗಿರುವುದೆಲ್ಲ ಹಾಲಲ್ಲ. ಕಣ್ಣಿಟ್ಟಿರು.

ನಿನ್ನ ಮಗಳು


ಅಕ್ಟೋಬರ್ ೩

ಮಗಳೇ,

ಬಂದಿದ್ದರು. ನೀನು ಹೇಳಿದ ಹಾಗೆಯೇ ಇದ್ದಾರೆ, ಚೀಲವೂ ಖಾಕಿಯೇ. ಇಡೀ ಒಂದು ಬೆಳಿಗ್ಗೆ ಸಭಾಭವನದಲ್ಲಿದ್ದರು. ನಾನು ಅಂಗಡಿಗೆ ಬಾಗಿಲು ಹಾಕಿ ಹೋಗಿ ಪೇಪರ್ ಹಿಡಿದುಕೊಂಡು ಕೂತೆ. ಒಂದೇ ಪುಟವನ್ನು ಎಷ್ಟು ಹೊತ್ತು ಓದುತ್ತೀರಿ ಎಂದು ಮೇಡಂ ನಕ್ಕರು. ಅವರು ಗೋಡೆಗೆ ಕಿವಿಯಿಟ್ಟು ಮರದ ಸುತ್ತಿಗೆಯಿಂದ ತಟ್ಟಿ ತಟ್ಟಿ ಕೇಳಿದರು. ಹೊರಗೆ ಹೋಗಿ ಚರಂಡಿಯ ಗುಂಡಿಗೆ ಇಳಿದು ಮಣ್ಣು ಮುಟ್ಟಿ ನೋಡಿದರು. ಆಮೇಲೆ ಏಣಿ ತರಿಸಿ ನಿನ್ನ ಗಾಜಿನ ಹತ್ತಿರಕ್ಕೆ ಹತ್ತಿದರು. ಪೇಪರ್ ಕೆಳಗಿಟ್ಟು ಎದ್ದುನಿಂತೆ. ಅವರ ಬೆನ್ನು ಅಡ್ಡವಾಗಿ ಕೈ ಏನು ಮಾಡಿತು ಎಂದು ಕಾಣಲಿಲ್ಲ. ಇಳಿದು ಬಂದಾಗ ಗಾಜು ನೆಟ್ಟಗೇ ಇತ್ತು.

ಮಧ್ಯಾಹ್ನ ಸೀದಾ ನನ್ನ ಅಂಗಡಿಗೆ ಬಂದರು. ತೆಳ್ಳಗಿನ ಗಾಜಿನ ಪಟ್ಟಿ ಬೇಕು, ತಾವೂ ಒಂದನ್ನು ಪಕ್ಕದಲ್ಲಿ ಅಂಟಿಸಿ ನೋಡಬೇಕು ಎಂದರು. ಸ್ಟಾಕ್ ಇಲ್ಲ ಎಂದುಬಿಟ್ಟೆ. ನಾಲ್ಕೂ ಗೋಡೆಗೆ ಗಾಜು ಒರಗಿಸಿಟ್ಟ ಅಂಗಡಿಯಲ್ಲಿ ನಿಂತು ಸ್ಟಾಕ್ ಇಲ್ಲ ಎಂದೆ. ಸುತ್ತ ಒಮ್ಮೆ ನೋಡಿದರು. ಪರವಾಗಿಲ್ಲ ಎಂದು ಕೈ ಮುಗಿದು ಹೋದರು. ಮರ್ಯಾದಸ್ಥರ ಹಾಗೇ ಕಾಣುತ್ತಾರೆ. ನೀನು ಮೊದಲೇ ಹೇಳಿರದಿದ್ದರೆ ನಾನು ಮೋಸ ಹೋಗುತ್ತಿದ್ದೆ.

ನಿನ್ನ ಅಪ್ಪ


ಅಕ್ಟೋಬರ್ ೧೯

ಮಗಳೇ,

ಗಾಜು ನೆಟ್ಟಗಿದೆ.

ಅಂಗಡಿಯಲ್ಲಿ ಕೆಲಸ ಜಾಸ್ತಿ, ಹೆಚ್ಚು ಬರೆಯಲಾಗುತ್ತಿಲ್ಲ. ನೀನು ಹೊಟ್ಟೆ ತುಂಬ ಉಣ್ಣು, ಸಂದರ್ಶನಕ್ಕೆ ಓದಿಕೊ. ಇಲ್ಲಿಯದನ್ನು ನನಗೆ ಬಿಡು. ನಾನಿದ್ದೇನೆ.

ನಿನ್ನ ಅಪ್ಪ


ಡಿಸೆಂಬರ್ ೪

ಅಪ್ಪನಿಗೆ,

ಕಳೆದ ವಾರ ಬಂದು ಒಂದೇ ದಿನದಲ್ಲಿ ಓಡಿದ್ದಕ್ಕೆ ಅತ್ತೆ ಇನ್ನೂ ಗೊಣಗುತ್ತಿರಬೇಕು. ಆದರೆ ಏಣಿ ಹತ್ತಿ ಗಾಜನ್ನು ನಾನೇ ಕಣ್ಣಾರೆ ನೋಡಿದೆನಲ್ಲ, ಆಮೇಲೆ ನನಗೆ ಒಳ್ಳೆಯ ನಿದ್ದೆ. ಒಂದು ಗೀರೂ ಇಲ್ಲ. ಅಂಟಿಸಿದ ದಿನದ ಹಾಗೇ ಫಳಫಳ ಎನ್ನುತ್ತಿತ್ತು. ನೀನು ಒರೆಸಿ ಒರೆಸಿ ಹಾಗೆ ಇಟ್ಟಿದ್ದೀಯ.

ಮಧ್ಯಂತರ ವರದಿ ಒಪ್ಪಿಸಿಬಿಟ್ಟೆ. ಬಿರುಕು ಸತ್ತದ್ದು, ಕಟ್ಟಡ ಭದ್ರವಾಗಿದೆ, ವಾಚನಾಲಯವನ್ನು ಮುಚ್ಚುವ ಅಗತ್ಯವಿಲ್ಲ ಎಂದು ಬರೆದಿದ್ದೇನೆ. ಪುರಸಭೆಯವರು ನನ್ನ ಮಾತಿನ ಮೇಲೆ ಅದನ್ನು ತೆರೆದೇ ಇಡುತ್ತಾರಂತೆ. ಅಲ್ಲಿ ಪರೀಕ್ಷೆಗೆ ಓದಲು ಬರುವ ಮಕ್ಕಳಿಗೆ ನಾನೇ ಒಂದು ಉಪಕಾರ ಮಾಡಿದ ಹಾಗಾಯಿತು.

ಪಕ್ಕದ ಮೇಜಿನವರು ವರದಿಯ ಪ್ರತಿ ಓದಿ ಹಿಂದಿರುಗಿಸಿದರು. ಚರಂಡಿ ಅಗೆದಲ್ಲಿ ತಳಪಾಯದ ಮಣ್ಣು ಒದ್ದೆಯಾಗಿದೆ, ಗಾಜು ಒಡೆಯದೆ ಉಳಿದದ್ದು ತಮಗೆ ಆಶ್ಚರ್ಯ ಎಂದರು. ಆಶ್ಚರ್ಯ! ಒಡೆಯಲಿ ಎಂದು ಕಾದು ಕೂತವರಿಗೆ ಒಡೆಯದಿದ್ದರೆ ಆಶ್ಚರ್ಯವೇ. ಆಮೇಲೆ ಏನೋ ಹೇಳಲು ಬಾಯಿ ತೆರೆದರು, ನನ್ನ ಮುಖ ನೋಡಿ ಸುಮ್ಮನಾದರು. ಅವರ ಬಾಯಿಂದ ಏನು ಬರುತ್ತಿತ್ತೋ ಎಂದು ಎರಡು ದಿನ ತಲೆ ಕೆಡಿಸಿಕೊಂಡೆ.

ಸಂದರ್ಶನ ಫೆಬ್ರವರಿ ಹನ್ನೆರಡಕ್ಕೆ.

ನಿನ್ನ ಮಗಳು


ಜನವರಿ ೧೧

ತಮ್ಮನ ಮಗಳಿಗೆ ಅತ್ತೆಯ ಆಶೀರ್ವಾದ.

ಇದನ್ನು ಬರೆಯಬಾರದು ಎಂದು ಮೂರು ಸಲ ಪೆನ್ನು ಕೆಳಗಿಟ್ಟೆ. ಆದರೆ ಹೊಟ್ಟೆಯಲ್ಲಿಟ್ಟುಕೊಂಡರೆ ನನಗೆ ಜೀರ್ಣವಾಗುವುದಿಲ್ಲ. ನಿಮ್ಮಪ್ಪನ ನಡೆ ನನಗೆ ಸರಿ ಕಾಣುತ್ತಿಲ್ಲ.

ಈ ವಯಸ್ಸಿನಲ್ಲಿ ಇಸ್ತ್ರಿ ಅಂಗಿ ಹಾಕಿಕೊಂಡು ಬೆಳಕು ಹರಿಯುವ ಮೊದಲೇ ಮನೆ ಬಿಡುತ್ತಾನೆ. ಎಲ್ಲಿಗೆ ಎಂದರೆ ವಾಚನಾಲಯಕ್ಕಂತೆ. ಅಷ್ಟು ಹೊತ್ತಿಗೆ ಪೇಪರೇ ಬಂದಿರುವುದಿಲ್ಲ, ಓದುವುದೇನನ್ನು? ಅಲ್ಲಿಯ ಮೇಡಂ ಇವನಿಗಾಗಿ ಬೇಗ ಬಂದು ಬೀಗ ತೆಗೆಯುತ್ತಾಳಂತೆ. ಮೀನಿನಂಗಡಿಯವಳು ಕಣ್ಣಾರೆ ನೋಡಿದ್ದಾಳೆ. ಹೋಗುವಾಗ ಚೀಲದಲ್ಲಿ ಏನೋ ಸುತ್ತಿಕೊಂಡು ಹೋಗುತ್ತಾನೆ, ಬರುವಾಗ ಕೈಗೆಲ್ಲ ಬಿಳಿ ಬಿಳಿ ಮೆತ್ತಿರುತ್ತದೆ. ಕೇಳಿದರೆ ಅಂಗಡಿ ಕೆಲಸ ಎನ್ನುತ್ತಾನೆ. ನನ್ನ ಕಣ್ಣು ತಪ್ಪಿಸಿ ಬಚ್ಚಲಲ್ಲಿ ಕೈ ತಿಕ್ಕಿ ತೊಳೆಯುತ್ತಾನೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಜಗತ್ತಿಗೆ ಕಾಣುವುದಿಲ್ಲವೇ?

ಆ ಮೇಡಂ ಕೆಟ್ಟವಳೇನಲ್ಲ. ಗಂಡ ತೀರಿಕೊಂಡು ಬಹಳ ಕಾಲವಾಯಿತು, ನಿಮ್ಮಮ್ಮ ಹೋಗಿಯೂ ಅಷ್ಟೇ ಕಾಲವಾಯಿತು. ನನ್ನ ಅಭ್ಯಂತರ ಏನೂ ಇಲ್ಲ. ಆದರೆ ಅಕ್ಕನಿಗೆ ಒಂದು ಮಾತು ಹೇಳಬೇಕೋ ಬೇಡವೋ? ನೀನೇ ಉಪಾಯವಾಗಿ ಕೇಳು. ನಾನು ಬರೆದೆ ಎಂದು ಹೇಳಬೇಡ.

ಇತಿ ಅತ್ತೆ


ಜನವರಿ ೧೭

ಅಪ್ಪನಿಗೆ,

ಅತ್ತೆ ಪತ್ರ ಬರೆದಿದ್ದಾಳೆ. ಬರೆದೆ ಎಂದು ಹೇಳಬೇಡ ಎಂದಿದ್ದಾಳೆ, ಹೇಳುತ್ತಿದ್ದೇನೆ. ಓದಿ ಮೊದಲು ನಕ್ಕೆ. ಮೇಡಂಗೆ ನನ್ನ ನಮಸ್ಕಾರ ತಿಳಿಸು ಎಂದು ಬರೆಯಲು ಹಾಳೆ ತೆಗೆದುಕೊಂಡೆ. ಅಷ್ಟರಲ್ಲಿ ‘ಕೈಗೆಲ್ಲ ಬಿಳಿ’ ಎನ್ನುವ ಮಾತನ್ನು ಇನ್ನೊಮ್ಮೆ ಓದಿದೆ.

ಫೋಟೋ ಕಟ್ಟುವುದಕ್ಕೆ ಪ್ಲಾಸ್ಟರ್ ಬೇಕಾಗಿಲ್ಲ. ಧೂಳು ಒರೆಸಲು ಬಟ್ಟೆ ಸಾಕು. ಅಕ್ಟೋಬರ್ ನಡುವಿನಿಂದ ನಿನ್ನ ಪತ್ರಗಳೆಲ್ಲ ಒಂದೇ ಸಾಲಿನವು ಎನ್ನುವುದು ನನಗೆ ಈಗ ಕಾಣುತ್ತಿದೆ. ಎಲ್ಲವನ್ನೂ ತೆಗೆದು ಸಾಲಾಗಿ ಇಟ್ಟು ನೋಡಿದೆ. ಜೇಡದ ಬಗ್ಗೆ ಅರ್ಧ ಪುಟ ಬರೆಯುವವನು ‘ಗಾಜು ನೆಟ್ಟಗಿದೆ’ ಎಂದಷ್ಟೇ ಬರೆದು ನಿಲ್ಲಿಸುವವನಲ್ಲ.

ಆ ಮನುಷ್ಯ ಮತ್ತೆ ಅಂಗಡಿಗೆ ಬಂದಿದ್ದರೇ? ನಿನ್ನ ಕೈಯಿಂದ ಏನನ್ನಾದರೂ ಮಾಡಿಸಿದರೇ? ನನ್ನ ಗಾಜನ್ನು ನೀನು ಮುಟ್ಟಿದ್ದೀಯಾ? ಹೆತ್ತ ಅಪ್ಪನನ್ನು ಹೀಗೆ ಕೇಳಬೇಕಾಗಿ ಬಂತಲ್ಲ ಎಂದು ನಾಚಿಕೆಯಾಗುತ್ತದೆ. ಆದರೂ ಕೇಳುತ್ತಿದ್ದೇನೆ. ಇದ್ದದ್ದನ್ನು ಇದ್ದ ಹಾಗೆ ಬರೆ.

ಮಗಳು


ಜನವರಿ ೨೩

ಮಗಳೇ,

ಸಂದರ್ಶನ ಮುಗಿಯುವವರೆಗೆ ಹೇಳಬಾರದು ಎಂದಿದ್ದೆ. ನನ್ನನ್ನೇ ಕಳ್ಳನ ಸಾಲಿನಲ್ಲಿ ನಿಲ್ಲಿಸಿದ ಮೇಲೆ ಹೇಳದೆ ವಿಧಿಯಿಲ್ಲ. ಕೇಳು, ಕೇಳಿ ಅಪ್ಪನನ್ನು ಮೆಚ್ಚಿಕೊ.

ಅವನು ಬಂದುಹೋದ ಮುಂದಿನ ವಾರವೇ ಗಾಜು ಒಡೆದಿತ್ತು. ನೀನು ಹೇಳಿದ್ದು ಅಕ್ಷರಶಃ ನಿಜವಾಯಿತು. ನಡುಮಧ್ಯದಲ್ಲಿ, ನಾನು ಕಟರಿನಿಂದ ಗೀರಿ ಮುರಿದರೆ ಎಷ್ಟು ನೀಟಾಗಿ ಬರುತ್ತದೋ ಅಷ್ಟು ನೀಟಾಗಿ ಎರಡು ತುಂಡಾಗಿತ್ತು. ಕಲ್ಲು ಬಿದ್ದು ಒಡೆದಿದ್ದರೆ ನಕ್ಷತ್ರದ ಹಾಗೆ ಸೀಳು ಬರಬೇಕು. ಇದು ಕೆಲಸ ಬಲ್ಲ ಕೈ ಎಂದು ನನಗೆ ಆಗಲೇ ಗೊತ್ತಾಯಿತು. ಏಣಿ ಹತ್ತಿದ ದಿನ ಸಣ್ಣಗೆ ಗೀರು ಹಾಕಿ ಹೋಗಿರಬೇಕು, ಆಮೇಲೆ ಅದು ಬಿಟ್ಟುಕೊಂಡಿದೆ. ನಿನಗೆ ಹೇಳಿದರೆ ಊಟ ನಿದ್ದೆ ಬಿಟ್ಟು ಕೂರುತ್ತೀಯ. ಹೇಳದಿದ್ದರೆ ಅವನು ಗೆದ್ದ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅದೇ ಅಳತೆಯ ಗಾಜು ಕತ್ತರಿಸಿ, ಮೇಡಂ ಹತ್ತಿರ ಬೀಗ ತೆಗೆಸಿಕೊಂಡು, ಜನ ಬರುವ ಮೊದಲೇ ಅಂಟಿಸಿದೆ. ತಾರೀಖನ್ನೂ ನಿನ್ನ ಅಕ್ಷರದಲ್ಲೇ ಬರೆದೆ. ಅಂಗಡಿಗಳ ಬೋರ್ಡು ಬರೆದು ಪಳಗಿದ ಕೈ ನನ್ನದು. ನೀನೇ ಏಣಿ ಹತ್ತಿ ನೋಡಿದರೂ ಗುರುತು ಹಿಡಿಯಲಿಲ್ಲವಲ್ಲ!

ಆಮೇಲೆಯೂ ಒಡೆಸಿದ. ತಾನು ಬರಲಿಲ್ಲ, ಬೇರೆ ಯಾರ ಕೈಯಿಂದಲೋ ಮಾಡಿಸಿದ್ದಾನೆ. ಮೊದಮೊದಲು ತಿಂಗಳಿಗೊಮ್ಮೆ, ಈಗೀಗ ವಾರಕ್ಕೊಮ್ಮೆ. ಸಂದರ್ಶನ ಹತ್ತಿರ ಬಂದ ಹಾಗೆ ಅವನ ಆತುರವೂ ಹೆಚ್ಚಾಗಿದೆ. ಆದರೆ ಅವನು ಒಡೆದಷ್ಟು ಸಲವೂ ನಾನು ಅಂಟಿಸಿದ್ದೇನೆ. ಈ ಊರಿನಲ್ಲಿ ಗಾಜಿಗೆ ಬರವಿಲ್ಲ. ಒಬ್ಬನೇ ಒಬ್ಬನಿಗೂ ಸುಳಿವು ಕೊಟ್ಟಿಲ್ಲ. ಸಂಜೆಯೆಲ್ಲ ಅದೇ ಗೋಡೆಯ ಕೆಳಗೆ ಕೂತು ಬಂದುಹೋಗುವವರ ಕೈ ನೋಡುತ್ತೇನೆ, ಯಾರೆಂದು ಒಂದು ದಿನ ಹಿಡಿದೇ ಹಿಡಿಯುತ್ತೇನೆ.

ಅನುಮಾನ ನನ್ನ ಮೇಲೆ ಬೇಡ. ನಿನ್ನ ಬೆನ್ನ ಹಿಂದೆ ಇರುವವನು ನಾನೊಬ್ಬನೇ.

ನಿನ್ನ ಅಪ್ಪ


ಜನವರಿ ೨೯

ಅಪ್ಪನಿಗೆ,

ಇದನ್ನು ಕೊರಿಯರಿನಲ್ಲಿ ಕಳಿಸುತ್ತಿದ್ದೇನೆ. ನಿನ್ನ ಪತ್ರವನ್ನು ಕಾಲೇಜಿನಲ್ಲೇ ಒಡೆದು ಓದಿದೆ. ಓದಿದ ಮೇಲೆ ಏನು ಮಾಡಿದೆನೆಂದು ನನಗೇ ನೆನಪಿಲ್ಲ. ಮೇಡಂಗೆ ಫೋನ್ ಮಾಡಿ 'ಎಲ್ಲರನ್ನೂ ಹೊರಗೆ ಕಳಿಸಿ, ನನ್ನ ಅಪ್ಪನನ್ನು ಮೊದಲು ಎಬ್ಬಿಸಿ' ಎಂದು ಕೂಗಿದೆನಂತೆ. ಇಡೀ ಕೋಣೆಗೆ ಕೇಳಿಸಿತು. ಗೋಡೆಗೆ ಅಪಾಯವಿದೆ ಎನ್ನುವುದನ್ನು ಇನ್ನು ಮರೆಮಾಚುವಂತಿರಲಿಲ್ಲ.

ಯಾರೂ ಒಡೆಯಲಿಲ್ಲ ಅಪ್ಪಾ. ಗೋಡೆ ಸರಿಯುತ್ತಿದೆ. ಚರಂಡಿಯ ನೀರು ತಳಪಾಯದ ಮಣ್ಣನ್ನು ಕೊಚ್ಚುತ್ತಿದೆ. ತಿಂಗಳಿಗೊಮ್ಮೆ ಒಡೆದದ್ದು ವಾರಕ್ಕೊಮ್ಮೆ ಒಡೆಯುತ್ತಿದೆ ಎಂದರೆ ಅದರ ವೇಗ ಹೆಚ್ಚಿದೆ. ನಾನು ತೆರೆದಿಡಿ ಎಂದು ಬರೆದ ಹಾಲ್ ಅದು. ನೀನು ಕಳ್ಳನನ್ನು ಕಾಯುತ್ತ ಅದರ ಕೆಳಗೆ ಕೂತಿದ್ದೆ.

ಪಕ್ಕದ ಮೇಜಿನವರು ನನ್ನ ಮುಖ ನೋಡಿ ಎದ್ದರು. ಆಸರೆಯ ತೊಲೆಗಳನ್ನು ಈ ಸಂಜೆಯೇ ಕೊಡಬೇಕು, ನಾನು ಹೋಗುತ್ತೇನೆ ಎಂದು ಹೊರಟೇಬಿಟ್ಟರು. ನಾನೂ ಹೊರಟಿದ್ದೆ. ವರದಿ ನಿಮ್ಮದು, ವಿವರಣೆ ಬರೆದುಕೊಟ್ಟು ಹೋಗಿ ಎಂದು ಮುಖ್ಯಸ್ಥರು ತಡೆದರು. ಈಗ ಪಕ್ಕದ ಮೇಜಿನವರು ಅಲ್ಲಿ, ನಾನು ಇಲ್ಲಿ. ಅಷ್ಟು ಚುರುಕಾಗಿ ಹೊರಟರಲ್ಲ, ಇದಕ್ಕೇ ಕಾಯುತ್ತಿದ್ದರೇ ಎನಿಸುತ್ತದೆ.

ಅದಕ್ಕೇ ಒಂದು ಮಾತು ಕೇಳುತ್ತೇನೆ, ಬಯ್ಯಬೇಡ. ಅವರು ನಿನ್ನನ್ನು ವಿಚಾರಿಸುತ್ತಾರೆ. ಗಾಜು ಈ ವಾರವಷ್ಟೇ ಮೊದಲ ಸಲ ಒಡೆಯಿತು ಎಂದು ಹೇಳು. ಹಿಂದಿನದೇನನ್ನೂ ಹೇಳಬೇಡ. ಜನರು ಹೊರಗೆ ಬಂದಿದ್ದಾರೆ, ಆಸರೆ ಬೀಳುತ್ತದೆ, ಇನ್ನು ಯಾರಿಗೂ ಅಪಾಯವಿಲ್ಲ. ಮಾತು ಹೊರಬಿದ್ದರೆ ನನ್ನ ಹುದ್ದೆಯೊಂದೇ ಅಲ್ಲ, ಈ ಓದಿನಲ್ಲಿ ನನ್ನ ಹೆಸರೇ ಮುಗಿಯಿತು. ನೀನೂ ಊರಿನ ಬಾಯಿಗೆ ಬೀಳುತ್ತೀಯ. ಸುಮ್ಮನಿದ್ದುಬಿಡು. ನನಗಾಗಿ.

ಮಗಳು


ಫೆಬ್ರವರಿ ೫

ಮಗಳೇ,

ನಿನ್ನ ಪತ್ರ ಬಂದಾಗ ಆ ಪಕ್ಕದ ಮೇಜಿನವರು ನನ್ನ ಎದುರಿಗೇ ಕೂತಿದ್ದರು. ಓದಿ ಮಡಿಸಿ ಜೇಬಿಗೆ ಹಾಕಿಕೊಂಡೆ. ನೀನು ಹೇಳಿದ ಹಾಗೆ ಸುಮ್ಮನಿರಬೇಕು ಎಂದೇ ಇದ್ದೆ. ನಿಜ ಹೇಳುತ್ತೇನೆ, ಗೋಡೆಯ ಮಾತನ್ನೂ ನಾನು ನಂಬಿರಲಿಲ್ಲ. ನೀನು ಹೆದರಿ ಹಾಗೆ ಬರೆದಿದ್ದೀಯ, ಮಾಡಿದವನು ಇವನೇ ಎಂದು ನನ್ನ ಒಳಮನಸ್ಸು ಹೇಳುತ್ತಿತ್ತು. ಇವನನ್ನು ಹಿಡಿಯಲು ಒಂದು ಉಪಾಯ ಮಾಡಿದೆ. ತೊಲೆಗಳು ನಿಂತ ಮೇಲೆ ಹೊಸ ಗಾಜು ಹಾಕೋಣ ಎಂದೆ. ಅವರು ಏಣಿ ಹಿಡಿದರು, ನಾನು ಹತ್ತಿ ಅಂಟಿಸಿದೆ. ಬಾಗಿಲಿಗೆ ನಮ್ಮ ಮನೆಯ ಬೀಗ ತಂದು ಜಡಿದೆ, ಕೀಲಿಕೈ ನನ್ನ ಹತ್ತಿರವೇ ಇರಲಿ ಎಂದೆ. ಅವರು ಏಕೆ ಎಂದು ಕೇಳಲಿಲ್ಲ, ಇರಲಿ ಎಂದರು. ಕಿಟಕಿಗಳಿಗೆ ನಾನೇ ಅಡ್ಡಪಟ್ಟಿ ಹೊಡೆದೆ.

ಮೂರನೆಯ ದಿನ ಬೀಗ ತೆಗೆದೆ. ನಾನೇ ತೆಗೆದೆ. ಗಾಜು ನಡುಮಧ್ಯದಲ್ಲಿ ಎರಡಾಗಿತ್ತು.

ಒಳಗೆ ಯಾರೂ ಹೋಗಿರಲಿಲ್ಲ ಮಗಳೇ. ನೆಲದ ಮೇಲೆ ಹೊಸದಾಗಿ ಕೂತ ಧೂಳಿನಲ್ಲಿ ಹೆಜ್ಜೆಯ ಗುರುತು ಒಂದೂ ಇರಲಿಲ್ಲ. ಹೊಸ್ತಿಲ ಮೇಲೇ ಕೂತುಬಿಟ್ಟೆ. ಪರೀಕ್ಷೆಗೆ ಓದುವ ಮಕ್ಕಳಿಗೆ ಬೆಳಕು ಚೆನ್ನಾಗಿ ಬರಲಿ ಎಂದು ಆ ಬೆಂಚನ್ನು ಗೋಡೆಯ ಹತ್ತಿರಕ್ಕೆ ಎಳೆದುಕೊಟ್ಟವನು ನಾನು. ಅವರು ನೀರು ತಂದುಕೊಟ್ಟರು. ಅಲ್ಲಿ ಕೂತೇ ಎಲ್ಲವನ್ನೂ ಹೇಳಿದೆ. ಎಷ್ಟು ಸಲ ಒಡೆಯಿತು, ಯಾವಾಗ, ಹೇಗೆ ಅಂಟಿಸಿದೆ, ತಾರೀಖು ಹೇಗೆ ಬರೆದೆ. ನಿನ್ನ ಮಾತು ಮೀರಿದ್ದು ಇದೇ ಮೊದಲು. ಕ್ಷಮಿಸು ಎಂದು ಕೇಳುವುದಿಲ್ಲ.

ನಾನು ಆ ಹುಡುಗಿಯ ಅಪ್ಪ ಎಂದೂ ಹೇಳಿದೆ. ಅದಕ್ಕವರು, “ಗೊತ್ತು. ಅವತ್ತು ನಿಮ್ಮ ಅಂಗಡೀಲಿ ಅವರ ಪದವಿ ಫೋಟೋ ನೋಡಿದೆ. ಅವರಾಗೇ ಹೇಳ್ಲಿ ಅಂತ ಕಾಯ್ತಿದ್ದೆ” ಎಂದರು. ಅಕ್ಟೋಬರಿನಿಂದ ಗೊತ್ತಿತ್ತು. ಯಾರಿಗೂ ಹೇಳಿಲ್ಲ. ಈಗಲೂ ಹೇಳುವುದಿಲ್ಲವಂತೆ, ಅದು ನಿನ್ನ ಮಾತು, ನೀನೇ ಆಡಬೇಕಂತೆ.

“ಹೇಳ್ತಾಳೆ” ಎಂದೆ ನಾನು. ನಿನ್ನನ್ನು ಕೇಳದೆಯೇ ಹೇಳಿಬಿಟ್ಟೆ.

ನಿನ್ನ ಅಪ್ಪ


ಫೆಬ್ರವರಿ ೧೪

ಪಕ್ಕದ ಮೇಜಿನವರಿಗೆ,

ನೀವು ತಲೆ ತಗ್ಗಿಸಿ ಏನನ್ನೋ ಓದುತ್ತಿದ್ದೀರಿ, ನಾನು ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ ಕೂತು ನಿಮಗೆ ಪತ್ರ ಬರೆಯುತ್ತಿದ್ದೇನೆ. ಬಾಯಲ್ಲಿ ಹೇಳಲು ಎರಡು ದಿನ ಪ್ರಯತ್ನಿಸಿದೆ, ಆಗಲಿಲ್ಲ.

ಸಂದರ್ಶನದಲ್ಲಿ ಏನಾಯಿತು ಎಂದು ನಿಮಗೆ ಇಷ್ಟರಲ್ಲಿ ತಿಳಿದಿರುತ್ತದೆ. ವೀಕ್ಷಕರು ಯಾರು ಎಂದು ಅಲ್ಲಿ ಯಾರೂ ಕೇಳಲಿಲ್ಲ. ಗಾಜು ಎಷ್ಟು ಸಲ ಒಡೆಯಿತು ಎಂದೂ ಕೇಳಲಿಲ್ಲ. ನನ್ನ ತಿದ್ದಿದ ವರದಿ ನೋಡಿ, ಎಚ್ಚರಿಕೆ ಕೊಟ್ಟಿರಲ್ಲ, ಒಳ್ಳೆಯದಾಯಿತು ಎಂದು ಮುಂದಿನ ಪ್ರಶ್ನೆಗೆ ಹೊರಟಿದ್ದರು. ನಿಲ್ಲಿ ಎಂದು ನಾನೇ ಹೇಳಿದೆ. ನೋಡುತ್ತಿದ್ದವರು ನನ್ನ ಅಪ್ಪ, ಅಕ್ಟೋಬರಿನಿಂದ ಒಡೆದ ಗಾಜು ಬದಲಾಯಿಸಿದ್ದು ಅವರೇ, ಯಾರೋ ಬೇಕೆಂದೇ ಒಡೆಯುತ್ತಿದ್ದಾರೆ ಎಂದು ಅವರ ತಲೆಗೆ ತುಂಬಿದವಳು ನಾನು ಎಂದೆ. ಆ ಯಾರೋ ಯಾರು ಎಂದು ಒಬ್ಬರು ಕೇಳಿದರು. ನಿಮ್ಮನ್ನು ತೋರಿಸುವುದಕ್ಕೆ ನೀವು ಅಲ್ಲಿರಲಿಲ್ಲ. ನನ್ನ ಪಕ್ಕದ ಮೇಜಿನವರು ಎಂದೆ.

ಹುದ್ದೆ ನಿಮಗೆ ಬಂತು. ಅಭಿನಂದನೆಗಳು. ಇದನ್ನು ಬರೆಯುವಾಗಲೂ ನನ್ನೊಳಗೊಬ್ಬಳು ಕೇಳುತ್ತಿದ್ದಾಳೆ: ನೋಡಿದೆಯಾ, ಸುಮ್ಮನಿದ್ದೇ ಗೆದ್ದರು. ಅವಳ ಬಾಯಿ ಮುಚ್ಚಿಸಲು ನನಗೆ ಇನ್ನೂ ಬಂದಿಲ್ಲ. ಅಕ್ಟೋಬರಿನಲ್ಲಿ ನೀವು ಒಂದು ಮಾತು ಆಡಿದ್ದರೆ ನಾನು ಅಂದೇ ಮನೆಗೆ ಹೋಗಿರುತ್ತಿದ್ದೆ, ಹುದ್ದೆ ಅಂದೇ ನಿಮ್ಮದು ಎಂದು ಅವಳಿಗೆ ಹೇಳುತ್ತೇನೆ.

ಆದರೆ ನನ್ನದೂ ಒಂದು ದೂರು ಇದೆ. ಮರ್ಯಾದೆಗೆ ಕಟ್ಟುಬಿದ್ದು ನೀವು ಕಾದಿರಿ. ನೀವು ಕಾದಷ್ಟು ದಿನವೂ ಅಪ್ಪ ಆ ಗೋಡೆಯ ಕೆಳಗೆ ಕೂತಿದ್ದರು. ನನ್ನ ಅನುಮಾನದಷ್ಟೇ ಕೆಲಸವನ್ನು ನಿಮ್ಮ ಮೌನವೂ ಮಾಡಿತು. ನನ್ನ ಮೇಲೆ ನಿಮಗೂ ಒಂದಿಷ್ಟು ಅನುಮಾನವಿದ್ದು, ಜಗಳವಾಡಿಯಾದರೂ ಕೇಳಿದ್ದರೆ ಚೆನ್ನಾಗಿತ್ತು.

ಗೋಡೆಯನ್ನು ಇಟ್ಟಿಗೆ ಇಟ್ಟಿಗೆಯಾಗಿ ಬಿಚ್ಚಿ, ಗುರುತು ಹಾಕಿ, ತಳಪಾಯ ಭದ್ರಪಡಿಸಿ, ಮತ್ತೆ ಅದೇ ಜಾಗದಲ್ಲಿ ಕಟ್ಟಬಹುದು ಎಂದು ನೀವು ಬರೆದದ್ದನ್ನು ಮುಖ್ಯಸ್ಥರು ತೋರಿಸಿದರು. ಆಗುತ್ತದೆ ಎಂದು ನನಗೂ ಅನಿಸುತ್ತದೆ. ಈ ವರ್ಷದ ಪಾಠಗಳು ಮುಗಿಯುವವರೆಗೆ ನಾನು ಇಲ್ಲೇ ಅತಿಥಿ. ಆ ಗೋಡೆಯ ಪ್ರತಿ ಸಾಲೂ ನನಗೆ ಗೊತ್ತು. ನನ್ನನ್ನು ಆ ಕೆಲಸಕ್ಕೆ ಸೇರಿಸಿಕೊಳ್ಳಿ. ಆದರೆ ನನ್ನನ್ನು ನಂಬಬೇಡಿ. ನಾನು ಬರೆದುಕೊಡುವ ಒಂದೊಂದು ಅಳತೆಯನ್ನೂ ನೀವು ಇನ್ನೊಮ್ಮೆ ಅಳೆಯಿರಿ, ನಿಮ್ಮದನ್ನು ನಾನು ಅಳೆಯುತ್ತೇನೆ. ತಪ್ಪು ಕಂಡರೆ ಇಬ್ಬರೂ ಜೋರಾಗಿಯೇ ಹೇಳೋಣ, ಕೋಣೆಗೆಲ್ಲ ಕೇಳಿಸಲಿ.

ಇದಕ್ಕೆ ಉತ್ತರ ಬರೆಯಬೇಕಾಗಿಲ್ಲ. ಅಳತೆಯ ಟೇಪನ್ನು ಎರಡೂ ಮೇಜುಗಳ ನಡುವೆ ಇಟ್ಟಿದ್ದೇನೆ. ಒಪ್ಪಿಗೆಯಾದರೆ ಒಂದು ತುದಿ ಹಿಡಿದುಕೊಂಡು ಎದ್ದೇಳಿ. ನಮ್ಮ ಊರಿನ ಬಸ್ಸು ಮೂರು ಗಂಟೆಗೆ.

ನಿಮ್ಮ ಪಕ್ಕದ ಮೇಜಿನವಳು